ಮಾವನವರ ಗಡ್ಡ ತೆಗೆದ ವರ್ಷ

ನಮ್ಮ ಮಾವನವರ ಗದ್ದದ ಕೆಳಗೆ ಕೂದಲು ಮೂರು ದಿಕ್ಕಿಗೆ ಬೆಳೆಯುತ್ತಿತ್ತು. ಎಡಗಡೆಯದು ಕೆಳಕ್ಕೆ, ಬಲಗಡೆಯದು ಕಿವಿಯ ಕಡೆಗೆ, ಗಂಟಲಿನ ಹತ್ತಿರ ರೂಪಾಯಿಯಗಲದ ಜಾಗದಲ್ಲಿ ಮಾತ್ರ ಸುಳಿ ಸುತ್ತಿಕೊಂಡು. ಹೆಂಡತಿಯ ಅಪ್ಪನ ಬಗ್ಗೆ ಇಷ್ಟೆಲ್ಲ ತಿಳಿದ ಅಳಿಯ ಕೊಡ್ಲಿಪೇಟೆಯಲ್ಲಿ ಇನ್ನೊಬ್ಬ ಇರಲಾರ. ಒಂದು ವರ್ಷ, ದಿನ ಬಿಡದೆ, ಅವರ ಗಡ್ಡ ತೆಗೆದವನು ನಾನು.

ಅವರು ಕಾಫಿ ಎಸ್ಟೇಟಿನಲ್ಲಿ ಲೆಕ್ಕ, ಹಾಜರಿ ಬರೆಯುವ ರೈಟರ್ ಆಗಿದ್ದವರು. ಬೆಳಿಗ್ಗೆ ಆಳುಗಳ ಹಾಜರಿ ಕರೆಯುವ ಮೊದಲು ಶೇವಿಂಗ್ ಆಗಲೇಬೇಕು. "ಹಾಜರಿ ಕರಿಯೋನ ಮುಖಾನೇ ನೆಟ್ಟಗಿಲ್ಲ ಅಂದ್ರೆ ಆಳು ಯಾಕೆ ನೆಟ್ಟಗೆ ಬರ್ತಾರೆ?" ಎನ್ನುತ್ತಿದ್ದರು. ಮಂಗಳವಾರ, ಶುಕ್ರವಾರ ಬೇಡವೆಂದು ಅತ್ತೆ ಗೊಣಗಿದರೆ, "ಗಡ್ಡಕ್ಕೆ ವಾರ ಗೊತ್ತೇನೇ?" ಎಂದು ಬಾಯಿ ಮುಚ್ಚಿಸುವರು. ನಿವೃತ್ತರಾದ ಮೇಲೂ ಒಂದು ದಿನ ತಪ್ಪಿಸಿದವರಲ್ಲ. ಬಚ್ಚಲಿನ ಕಿಟಕಿಯಲ್ಲಿ ಅವರ ಸಾಮಾನು ಇರುತ್ತಿತ್ತು: ಬೆಳ್ಳಿ ಬಣ್ಣ ಸವೆದು ಹಿತ್ತಾಳೆ ಇಣುಕುತ್ತಿದ್ದ ತೂಕದ ರೇಜರ್, ಅರ್ಧ ಕೂದಲು ಉದುರಿದ ಬ್ರಷ್, ಸ್ಟೀಲ್ ಬಟ್ಟಲಿನಲ್ಲಿ ಸೋಪು. ಅದನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಹೋದ ವರ್ಷ ಕಾಫಿ ಹೂ ಬಿಡುವ ಕಾಲಕ್ಕೆ ಅವರಿಗೆ ಲಕ್ವ ಹೊಡೆಯಿತು. ಬಾಯಿ ಸ್ವಲ್ಪ ಸೊಟ್ಟಗಾಯಿತು, ಬಲಗೈ ಪೂರ್ತಿ ಬಿದ್ದುಹೋಯಿತು. "ವರ್ಷದೊಳಗೆ ಕೈಗೆ ಶಕ್ತಿ ಎಷ್ಟು ಬರುತ್ತೋ ಅಷ್ಟೇ, ಆಮೇಲೆ ಕಷ್ಟ," ಎಂದರು ಡಾಕ್ಟರು. ಮಾವ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ವರ್ಷ ತುಂಬುವುದರೊಳಗೆ ತಮ್ಮ ಗಡ್ಡವನ್ನು ತಾವೇ, ಅದೇ ಬಲಗೈಯಿಂದ, ತೆಗೆಯಬೇಕು. ಅವರಿಗಿದ್ದ ಆಸೆ ಅದೊಂದೇ.

ಅಲ್ಲಿಯವರೆಗೆ ಆ ಕೆಲಸ ನನ್ನ ಪಾಲಿಗೆ ಬಂತು. ನನ್ನ ರಿಪೇರಿ ಅಂಗಡಿಯ ಬಾಗಿಲು ತೆಗೆಯುವ ಮೊದಲು ಅವರ ಮನೆಗೆ ಹೋಗುತ್ತಿದ್ದೆ. ಎದುರಿಗೆ ಕಾಲು ಮೇಲೆ ಕಾಲು ಹಾಕಿ ಕೂರಲೂ ಹಿಂಜರಿಯುತ್ತಿದ್ದವನು ನಾನು. ಮೀಸೆಯ ಅಂಚು ತೀಡಲು ಅವರ ಮೂಗು ಹಿಡಿದು ಎತ್ತುವುದೆಂದರೆ! ಮೊದಲ ದಿನ ಒತ್ತಿ ಎಳೆದು ಎರಡು ಕಡೆ ಗೀರಿದೆ. "ಒತ್ತಬೇಡಿ ಅಳಿಯಂದ್ರೆ, ರೇಜರ್ ಭಾರ ಅದಕ್ಕೇ ಸಾಕು," ಎಂದು ತೊದಲಿದರು. ಒತ್ತಿದರೆ ಕೊಯ್ಯುತ್ತದೆ, ಸುಮ್ಮನೆ ಇಳಿಯಬಿಟ್ಟರೆ ಕೆಲಸ ಮಾಡುತ್ತದೆ. ಅದು ತಿಳಿಯಲು ನನಗೆ ಒಂದು ತಿಂಗಳೇ ಹಿಡಿಯಿತು. ಪೇಟೆಯಿಂದ ಒತ್ತಿದರೆ ನೊರೆ ಚಿಮ್ಮುವ ಶೇವಿಂಗ್ ಡಬ್ಬಿ ತಂದುಕೊಟ್ಟರೆ, "ಇದೇನು, ಬೆಂಕಿ ಆರ್ಸೋದಾ?" ಎಂದು ಆಚೆ ಇಡಿಸಿದರು.

ದಿನವೂ ಸೋಪು ಹಚ್ಚಿದ ಮೇಲೆ ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ನನ್ನ ಮುಂದೆ ಇಡುತ್ತಿದ್ದರು. "ಕೊಡಿ, ನೋಡಾನ." ನಾನು ರೇಜರನ್ನು ಆ ಬೆರಳುಗಳ ನಡುವೆ ಇಟ್ಟು ಮಡಚುತ್ತಿದ್ದೆ. ಹಣೆಯ ನರ ಉಬ್ಬುವುದು, ಸೋಪು ಒಣಗುವುದು, ರೇಜರ್ ಜಾರಿ ತೊಡೆಯ ಮೇಲಿನ ಟವಲಿಗೆ ಬೀಳುವುದು. "ಸರಿ, ನೀವೇ ಮಾಡಿ," ಎನ್ನುವರು. ನಾನು ಮತ್ತೆ ಸೋಪು ಹಚ್ಚುವೆನು. ಕಾಫಿ ಕಾಯಿ ಕಟ್ಟಿತು, ಹಣ್ಣಾಯಿತು, ಪಿಕ್ಕಿಂಗೂ ಮುಗಿಯಿತು. ಒಂದು ಬೆರಳೂ ಅಲುಗಲಿಲ್ಲ.

ಈ ನಡುವೆ, ಮಳೆಗಾಲದಲ್ಲಿ, ಒಂದು ಎಡವಟ್ಟಾಯಿತು. ಅವರು ಕೆಮ್ಮಿದರು, ಮೀಸೆಯ ತುದಿ ಹಾರಿಹೋಯಿತು. ಸಮ ಮಾಡುತ್ತೇನೆಂದು ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು ತೆಗೆದು ಕೊನೆಗೆ ಪೂರ್ತಿ ಬೋಳಿಸಬೇಕಾಯಿತು. ಕಾಫಿ ತಂದ ಅತ್ತೆ ಲೋಟ ಹಿಡಿದು ನಿಂತೇಬಿಟ್ಟರು. ನಮ್ಮಲ್ಲಿ ಹೆತ್ತವರು ಸತ್ತಾಗಲ್ಲದೆ ಮೀಸೆ ತೆಗೆಯುವುದಿಲ್ಲ. ಮಾವನ ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಗಿತ್ತು. ಸಂಜೆ ಎಸ್ಟೇಟಿನ ಕೂಲಿ ಲೈನಿನ ಮನೆಗಳಿಂದ ಹಳೆಯ ಆಳೊಬ್ಬ ನೋಡಲು ಬಂದ. ಬೋಳು ತುಟಿ ಕಂಡವನೇ ಚಪ್ಪಲಿ ಬಿಟ್ಟು, ತಗ್ಗಿದ ದನಿಯಲ್ಲಿ, "ಯಾರು ಹೋದ್ರು ರೈಟ್ರೆ?" ಎಂದ.

"ನನ್ನ ಕೈ ಹೋಯ್ತು ಕಣಪ್ಪ," ಎಂದರು ಮಾವ.

ಅವನು ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದ. ನಾನು ಬ್ರಷ್ ತೊಳೆಯುವ ನೆಪದಲ್ಲಿ ಎದ್ದುಹೋದೆ.

ಈ ವರ್ಷ ಮತ್ತೆ ಕಾಫಿ ಹೂ ಬಿಟ್ಟಿತು. ಡಾಕ್ಟರು ಹೇಳಿದ್ದ ವರ್ಷ ತುಂಬಿದ ಮರುದಿನ ಸೋಪು ಹಚ್ಚಿ, ರೇಜರ್ ಹಿಡಿದು ಕಾದೆ. ಮಾವ ಕೈ ಎತ್ತಿ ಇಡಲಿಲ್ಲ.

"ಹಿಡೀರಿ ಮಾವ, ನೋಡಾನ," ಎಂದೆ.

"ಸಾಕು. ನೀವೇ ಮಾಡ್ಬಿಡಿ."

ಆಮೇಲೆ ಹತ್ತು ದಿನ ಬದುಕಿದರು. ಆ ಹತ್ತು ದಿನ ಅವರ ಮುಖ ಒಂದಿಷ್ಟೂ ಅಲುಗಲಿಲ್ಲ. ತಿರುಗಿಸಿದ ಕಡೆಗೆ ತಿರುಗಿತು, ಎತ್ತಿದರೆ ಎತ್ತಿದಂತೆ ನಿಂತಿತು. ಸುಳಿಯ ಜಾಗದಲ್ಲೂ ಒಂದು ಗೀರು ಬೀಳಲಿಲ್ಲ. ಹೋದ ದಿನ ನೋಡಲು ಬಂದವರೆಲ್ಲ ಮುಖ ಎಷ್ಟು ಕಳೆಯಾಗಿದೆ ಎಂದರು, ಸ್ವಂತ ಮಗನೂ ಹೀಗೆ ಮಾಡುತ್ತಿರಲಿಲ್ಲ ಎಂದು ನನ್ನ ಬೆನ್ನು ತಟ್ಟಿದರು.

ಆ ಹತ್ತು ದಿನದಲ್ಲಿ ನಾನು ಇನ್ನೊಂದು ಸಲವಾದರೂ ರೇಜರನ್ನು ಅವರ ಕೈಯಲ್ಲಿ ಇಡಬಹುದಿತ್ತು. ಇಡಲಿಲ್ಲ. ಎರಡನೇ ಸಲ ಸೋಪು ಹಚ್ಚುವ ಕೆಲಸ ತಪ್ಪಿ, ಅಂಗಡಿಗೆ ಬೇಗ ಹೋಗುತ್ತಿದ್ದೆ.