ಅಜಾನಿನ ಹೊತ್ತಿಗೆ ಗಾಳಿಯಲ್ಲಿದ್ದ ಚೆಂಡು

ನಿಜಾಮರ ರಾಜ್ಯದ ಫಸಲಿ ಲೆಕ್ಕದಲ್ಲಿ 1354ರ ಬಹಮನ್ ತಿಂಗಳ, ಅಂದರೆ 1944ರ ಡಿಸೆಂಬರಿನ, ಒಂದು ಶುಕ್ರವಾರ ಸುರಪುರದ ಶಾಲೆಯ ಬಯಲಿನಲ್ಲಿ ಸುರಪುರ ಮತ್ತು ಶಹಾಪುರದ ತಂಡಗಳ ನಡುವೆ ನಡೆದ ಬಾಸ್ಕೆಟ್‌ಬಾಲ್ ಆಟ ತೀರ್ಪಿಲ್ಲದೆ ಮುಗಿಯಿತು. ಸಮಯ ನೋಡುವ ಕೆಲಸ ನನ್ನದಾಗಿತ್ತು. ಅಂದು ಏನಾಯಿತೆಂದು ಹಲವರು ನನ್ನನ್ನು ಕೇಳಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ರೀತಿ ಹೇಳಿದ್ದೇನೆ. ಇಲ್ಲಿ ನನಗೆ ಖಚಿತವಾಗಿ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ.

ಗೆದ್ದ ತಂಡ ಗುಲಬರ್ಗಾಕ್ಕೆ ಹೋಗಬೇಕಿತ್ತು. ಅಲ್ಲಿ ಚೆನ್ನಾಗಿ ಆಡಿದವರಿಗೆ ಹೈಸ್ಕೂಲಿನ ಬೋರ್ಡಿಂಗಿನಲ್ಲಿ ಜಾಗ ಸಿಗುತ್ತದೆ ಎಂದು ನಮ್ಮ ಡ್ರಿಲ್ ಮಾಸ್ತರರು ಹೇಳಿದ್ದರು. ಆ ಜಾಗ ನಿಜವಾಗಿ ಬೇಕಾಗಿದ್ದುದು ಒಬ್ಬನಿಗೆ. ನನ್ನ ತರಗತಿಯವನೇ, ಕುರುಬರ ಮನೆಯವನು, ತಂಡದಲ್ಲಿ ಎಲ್ಲರಿಗಿಂತ ಎತ್ತರ. ಜಾಗ ಸಿಕ್ಕರೆ ಓದು, ಸಿಗದಿದ್ದರೆ ಕುರಿ ಹಿಂಡಿನ ಹಿಂದೆ ಎಂದು ಅವನ ತಂದೆ ಮಾಸ್ತರರ ಎದುರಿಗೇ ಹೇಳಿ ಹೋಗಿದ್ದರು.

ಶಹಾಪುರದ ಬಸ್ಸು ತಡವಾಗಿ ಬಂತು. ಯುದ್ಧಕಾಲದ ಇದ್ದಿಲು ಗ್ಯಾಸಿನ ಬಸ್ಸು. ದಾರಿಯಲ್ಲಿ ಎರಡು ಸಲ ನಿಂತಿತ್ತಂತೆ. ಮಧ್ಯಾಹ್ನವೇ ಮುಗಿಯಬೇಕಿದ್ದ ಆಟ ಸಂಜೆಯವರೆಗೆ ಎಳೆಯಿತು. ಡ್ರಿಲ್ ಮಾಸ್ತರರೇ ರೆಫರಿ. ಗುಂಡಿ ಒತ್ತಿದರೆ ನಿಲ್ಲುವ ಗಡಿಯಾರವನ್ನು ನನ್ನ ಕೈಗೆ ಕೊಟ್ಟು, “ಸೀಟಿ ಕೇಳಿದ್ರ ನಿಲ್ಲಸು. ಕೇಳದಿದ್ರ ಗುಂಡಿ ಮುಟ್ಟಬ್ಯಾಡ,” ಎಂದಿದ್ದರು.

ಆಟ ಮುಗಿಯಲು ಅರ್ಧ ನಿಮಿಷಕ್ಕಿಂತ ಕಡಿಮೆ ಇತ್ತು. ನಾವು ಒಂದು ಅಂಕ ಹಿಂದಿದ್ದೆವು. ಚೆಂಡು ಆ ಎತ್ತರದ ಗೆಳೆಯನ ಕೈಗೆ ಬಂತು. ಅವನು ಅದನ್ನು ರಿಂಗಿನತ್ತ ಒಗೆಯುವ ಹೊತ್ತಿಗೇ ಬಯಲಿನ ಪಕ್ಕದ ಮಸೀದಿಯಲ್ಲಿ ಅಜಾನ್ ಶುರುವಾಯಿತು.

ನಮ್ಮ ಊರಲ್ಲಿ ಅಜಾನ್ ಮುಗಿಯುವವರೆಗೆ ಹಲಗೆಯ ಬಡಿತ, ಬ್ಯಾಂಡು, ಸೀಟಿ ಎಲ್ಲ ಬಂದ್. ಯಾರೂ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಮಾಸ್ತರರು ಬಾಯಲ್ಲಿದ್ದ ಸೀಟಿ ತೆಗೆದರು. ಶಹಾಪುರದವರು ಕೈ ಇಳಿಸಿ ನಿಂತರು. ಚೆಂಡು ಮಾತ್ರ ಗಾಳಿಯಲ್ಲಿತ್ತು. ಅದು ರಿಂಗಿನೊಳಗೆ ಬಿದ್ದು, ನೆಲಕ್ಕೆ ಪುಟಿದು, ಬೇಲಿಯವರೆಗೆ ಉರುಳಿಹೋಯಿತು. ಯಾರೂ ತರಲು ಹೋಗಲಿಲ್ಲ.

ಅಜಾನ್ ಮುಗಿದ ಮೇಲೆ ಮಾಸ್ತರರು ನನ್ನ ಕಡೆ ತಿರುಗಿದರು. “ಟೈಮ್ ಎಷ್ಟೈತಿ?”

“ಮುಗದೈತ್ರಿ ಸಾಬ್ರ.”

“ಯಾವಾಗ ಮುಗೀತು?”

“ಅಜಾನ್ ನಡಿಯಾಕತ್ತಾಗರಿ. ಸೀಟಿ ಕೇಳಲಿಲ್ಲ, ಅದಕ್ಕ ನಿಲ್ಲಸಲಿಲ್ಲ.”

ಶಹಾಪುರದ ನಾಯಕ ಮುಂದೆ ಬಂದ. “ಸಾಬ್ರ, ನಾವು ಮರ್ಯಾದಿಗಂತ ಕೈ ಇಳಿಸೇವಿ. ಆ ಹೊತ್ತಿನ್ಯಾಗ ಇಂವ ಒಗದಾನ. ನಿಂತ ಆಟದಾಗ ಗೋಲು ಹ್ಯಾಂಗ ಆಗ್ತದರಿ?”

“ಆಟ ನಿಂತದಂತ ಯಾರು ಹೇಳಿದ್ರು? ಸೀಟಿ ಊದ್ಯಾರೇನು?” ಎಂದ ನಮ್ಮವನೊಬ್ಬ.

“ಅಜಾನಿನಾಗ ಸೀಟಿ ಊದತಾರೇನಪ? ಯಾವೂರಾಂವ ನೀ?”

“ನಿಂತದ ಅಂದ್ರ ಟೈಮೂ ನಿಂತದ. ಬಾ ಹಂಗಾದ್ರ, ಉಳಿದದ್ದು ಆಡು.”

“ಟೈಮ್ ಮುಗದೈತಂತ ನಿಮ್ಮ ಹುಡುಗನೇ ಹೇಳ್ಯಾನಲ್ಲ.”

ಮಾಸ್ತರರು ಅಂಗಿಯ ಜೇಬಿನಿಂದ ನಿಯಮಗಳ ಪುಸ್ತಕ ತೆಗೆದು ನಿಂತಲ್ಲೇ ಓದಿದರು. ಸೀಟಿ ಊದಿದಾಗ ಚೆಂಡು ಗಾಳಿಯಲ್ಲಿದ್ದರೆ ಏನು ಮಾಡಬೇಕೆಂದು ಅದರಲ್ಲಿತ್ತು. ಸೀಟಿ ಊದಲಾಗದ ಹೊತ್ತಿನ ಬಗ್ಗೆ ಏನೂ ಇರಲಿಲ್ಲ. ಕೊನೆಗೆ ಅವರು, ಅಜಾನಿನ ಮೊದಲ ಸ್ವರಕ್ಕಿಂತ ಮುಂಚೆ ಚೆಂಡು ಕೈ ಬಿಟ್ಟಿದ್ದರೆ ಅಂಕ ಉಂಟು, ಆಮೇಲೆ ಬಿಟ್ಟಿದ್ದರೆ ಇಲ್ಲ ಎಂದರು. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಆದರೆ ಯಾವುದು ಮುಂಚೆ ಎಂದು ಹೇಳುವವರು ಯಾರು?

ನನ್ನನ್ನು ಕೇಳಿದರು. ಚೆಂಡು ಕೈ ಬಿಡುವಾಗ ನಾನು ಗಡಿಯಾರ ನೋಡುತ್ತಿದ್ದೆ. ಅಜಾನ್ ಕೂಗಿ, ನಮಾಜು ಮುಗಿಸಿ ಹೊರಬಂದ ಮುಅಜ್ಜಿನರನ್ನು ಕೇಳಿದರು.

“ಬಾಬಾ, ನೀವು ಶುರು ಮಾಡಿದಾಗ ಚೆಂಡು ಎಲ್ಲಿತ್ರಿ?”

ಅವರು ಬಯಲನ್ನೂ ನಮ್ಮನ್ನೂ ನೋಡಿದರು. “ಕಿವಿಯಾಗ ಬೆರಳು, ಮುಖ ಪಶ್ಚಿಮಕ್ಕ, ಕಿಬ್ಲಾದ ಕಡೆ. ನಿಮ್ಮ ಚೆಂಡು ನನ್ನ ಬೆನ್ನಿಗೆ ಕಾಣಬೇಕೇನು?”

ಉಳಿದವನು ಚೆಂಡು ಒಗೆದವನೇ. ಮಾಸ್ತರರು ಅವನನ್ನು ಪಕ್ಕಕ್ಕೆ ಕರೆಯಲಿಲ್ಲ, ಎಲ್ಲರ ಎದುರಿಗೇ ಕೇಳಿದರು. ಮುಂಚೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ತನ್ನ ಅಂಗೈ ನೋಡಿಕೊಂಡ.

“ಕೇಳಿಸಿತ್ರಿ ಸಾಬ್ರ. ಚೆಂಡು ಕೈಯಾಗ ಇದ್ದಾಗ ಕೇಳಿಸಿತೋ, ಬಿಟ್ಟ ಮ್ಯಾಲೋ, ಗೊತ್ತಿಲ್ರಿ.”

“ನೆನಪು ಮಾಡ್ಕೋ.”

“ಮಾಡಾಕತ್ತೇನ್ರಿ. ಎರಡೂ ಖರೆ ಅನಸ್ತದ.”

ಮಾಸ್ತರರು ಅಂದು ತೀರ್ಪು ಕೊಡಲಿಲ್ಲ. ಎರಡೂ ತಂಡದವರ ಸಹಿ ಪಡೆದು, ನಡೆದದ್ದನ್ನು ಉರ್ದುವಿನಲ್ಲಿ ಬರೆದು, ಆಟ ಏರ್ಪಡಿಸಿದವರಿಗೆ ಗುಲಬರ್ಗಾಕ್ಕೆ ಟಪಾಲು ಹಾಕಿದರು. ನನ್ನ ಹೇಳಿಕೆಯೂ ಅದರಲ್ಲಿತ್ತು. ಚೆಂಡು ಕೈ ಬಿಟ್ಟದ್ದು ನನಗೆ ಕಾಣಲಿಲ್ಲ ಎಂದು ಅದರಲ್ಲಿ ಬರೆದಿದ್ದೆ. ಈಗ ಕಣ್ಣು ಮುಚ್ಚಿದರೆ ಅದು ಅವನ ಬೆರಳು ಬಿಡುವುದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಅದು ಅಂದು ಕಂಡದ್ದೋ, ಆಮೇಲೆ ಕೇಳಿ ಕೇಳಿ ಮೂಡಿದ್ದೋ, ಹೇಳಲಾರೆ.

ಉತ್ತರ ಬರಲು ಒಂದು ತಿಂಗಳಿಗಿಂತ ಹೆಚ್ಚು ಹಿಡಿಯಿತು. ಮಾಸ್ತರರು ಅದನ್ನು ತರಗತಿಯಲ್ಲಿ ಓದಿ ಹೇಳಿದರು: ಇಂಥ ಸಂದರ್ಭಕ್ಕೆ ಬೇರೆ ನಿಯಮವಿಲ್ಲ, ರೆಫರಿ ಮೈದಾನದಲ್ಲಿ ಕೊಟ್ಟ ತೀರ್ಪೇ ಅಂತಿಮ. ಓದಿ ಮುಗಿಸಿ ಕಾಗದವನ್ನು ಇನ್ನೊಮ್ಮೆ ತಿರುವಿ ನೋಡಿದರು. ಅಷ್ಟರಲ್ಲಿ ಗುಲಬರ್ಗಾದ ಆಟಗಳು ಮುಗಿದಿದ್ದವು. ಗೆದ್ದವರು ಯಾರೆಂದು ತೀರ್ಮಾನವಾಗದ್ದರಿಂದ ನಮ್ಮ ಕಡೆಯಿಂದ ಯಾದಗಿರಿಯ ತಂಡ ರೈಲು ಹತ್ತಿ ಹೋಗಿ ಬಂದಿತ್ತು.

ಬೇಸಿಗೆಯಲ್ಲಿ ಆ ಎತ್ತರದ ಗೆಳೆಯನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದರು. ನಾನು ಅವನನ್ನು ಕೊನೆಯ ಸಲ ಕಂಡದ್ದು ಎರಡು ವರ್ಷದ ಮೇಲೆ, ಶಹಾಪುರದ ಸಂತೆಯಲ್ಲಿ. ತಂದೆಯ ಜೊತೆ ಕುರಿ ಮಾರಲು ಬಂದಿದ್ದ.