ಕುಡಿತ ಬಿಟ್ಟವನಿಗೆ ನಾವು ಮಾಡಿದ ಸನ್ಮಾನ

ನಂಜನಗೂಡಿನಲ್ಲಿ ನನ್ನ ಹೊಲಿಗೆ ಅಂಗಡಿ ಇರುವುದು ನಮ್ಮ ಬೀದಿಯ ಸಮುದಾಯ ಭವನಕ್ಕೆ ಎದುರಾಗಿ. ಮಷಿನ್ ತುಳಿಯುತ್ತ ತಲೆ ಎತ್ತಿದರೆ ಭವನದ ಜಗಲಿ ಕಾಣುತ್ತದೆ. ಹಾಗಾಗಿ ಅವನು ಆ ಜಗಲಿಯ ಮೇಲೆ ಮಲಗಲು ಶುರುಮಾಡಿದ್ದನ್ನು ಮೊದಲು ನೋಡಿದವಳು ನಾನೇ ಇರಬೇಕು.

ಅವನೇನೂ ಹೊರಗಿನವನಲ್ಲ. ನಮ್ಮ ಬೀದಿಯಲ್ಲೇ ಹುಟ್ಟಿದವನು, ನನಗಿಂತ ಚಿಕ್ಕವನು, ಸಂಬಂಧದಲ್ಲಿ ತಮ್ಮನಾಗಬೇಕು. ಐಟಿಐ ಮುಗಿಸಿ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಆಪರೇಟರ್ ಆಗಿದ್ದ. ಮೊದಮೊದಲು ಶಿಫ್ಟ್ ಮುಗಿಸಿ ಬರುವಾಗ ಜೊತೆಗಾರರೊಂದಿಗೆ ಕುಡಿಯುತ್ತಿದ್ದ. ಆಮೇಲೆ ಶಿಫ್ಟಿಗೆ ಹೋಗುವ ಮುಂಚೆಯೂ ಕುಡಿಯತೊಡಗಿದ. ಕೆಲಸ ಹೋಯಿತು. ಹೊಡೆತ ತಾಳಲಾರದೆ ಹೆಂಡತಿ ಮಗಳನ್ನು ಕರೆದುಕೊಂಡು ತವರುಮನೆ ಹೆಡತಲೆಗೆ ಹೋದಳು. ಅವ್ವ ಬದುಕಿರುವ ತನಕ ಅವನಿಗೊಂದು ಮೂಲೆ, ಒಂದು ತಟ್ಟೆ ಅಂತ ಇತ್ತು. ಅವ್ವ ತೀರಿಕೊಂಡ ಮೇಲೆ ಅಣ್ಣ ಬಾಗಿಲು ಹಾಕಿಕೊಂಡ. ಅಣ್ಣನನ್ನು ಬೈಯುವ ಹಾಗೂ ಇರಲಿಲ್ಲ. ಬೆಳೆದ ಇಬ್ಬರು ಹೆಣ್ಣುಮಕ್ಕಳಿರುವ ಇಕ್ಕಟ್ಟಿನ ಮನೆ ಅದು.

ಕೆಲವು ತಿಂಗಳು ಜನ ಅವನನ್ನು ದಾಟಿಕೊಂಡು ಓಡಾಡಿದರು. ಭಾನುವಾರ ಬೆಳಿಗ್ಗೆ ಭವನದಲ್ಲಿ ಬುದ್ಧವಂದನೆ ನಡೆಯುತ್ತದೆ. ಒಳಗೆ ಮಕ್ಕಳು ಪಂಚಶೀಲ ಹೇಳುವಾಗ, ಅದರಲ್ಲೂ ಮಾದಕ ಪದಾರ್ಥ ಮುಟ್ಟುವುದಿಲ್ಲ ಎನ್ನುವ ಐದನೆಯ ಶೀಲ ಹೇಳುವಾಗ, ಅವನು ಹೊರಗೆ ಗೋಡೆಗೆ ಮುಖ ಮಾಡಿ ಬಿದ್ದಿರುತ್ತಿದ್ದ. ದೊಡ್ಡ ಹುಡುಗರು ನಗುತ್ತಿದ್ದರು. ಅವರನ್ನು ಗದರಿಸಿದವಳು ನಮ್ಮ ದೊಡ್ಡವ್ವ. ಬೀದಿಯಲ್ಲಿ ಎಷ್ಟೋ ಹೆರಿಗೆ ಮಾಡಿಸಿದ ಕೈ ಅವಳದು; ಅವಳು ಮಾತಾಡಿದರೆ ನ್ಯಾಯ ಹೇಳುವ ಬೀದಿಯ ಯಜಮಾನರೂ ಸುಮ್ಮನಾಗುತ್ತಿದ್ದರು.

"ಒಳ್ಗಡೆ ಕರುಣೆ ಕರುಣೆ ಅಂತೀರಿ. ಒರ್ಗಡೆ ಬಿದ್ದವ್ನಲ್ಲ, ಅವ್ನೇನು ನಾಯೀನಾ?" ಎಂದಳು ಒಂದು ಭಾನುವಾರ, ಎಲ್ಲರೂ ಚಪ್ಪಲಿ ಹಾಕಿಕೊಳ್ಳುತ್ತಿರುವಾಗ.

ಆ ಮಾತು ತಾಗಿತು. ಅದೇ ವಾರ ಬೀದಿ ಸೇರಿತು. ಭವನದ ಹಿಂದೆ ಕುರ್ಚಿ, ಪಾತ್ರೆ ಇಡುವ ಕೋಣೆಯೊಂದಿತ್ತು. ಅದನ್ನು ಖಾಲಿ ಮಾಡಿ ಅವನಿಗೆ ಕೊಡುವುದು, ದಿನಕ್ಕೊಂದು ಮನೆಯವರು ಊಟ ಕೊಡುವುದು, ಅವನು ಕುಡಿತ ಬಿಡುವುದು ಎಂದು ಮಾತಾಯಿತು. ಭವನ ನೋಡಿಕೊಳ್ಳುವ ಸಂಘದ ಕಾರ್ಯದರ್ಶಿ ಸರ್ಕಾರಿ ನೌಕರಿಯಲ್ಲಿರುವವರು, ಓದಿಕೊಂಡವರು. ಅವರೇ ಮುಂದೆ ನಿಂತು ಅವನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಅಡ್ಮಿಟ್ ಮಾಡಿಕೊಂಡು, ಡ್ರಿಪ್ ಹಾಕಿ, ಮಾತ್ರೆ ಬರೆದುಕೊಟ್ಟರು. ವಾಪಸ್ಸು ಬಂದಾಗಲೂ ಅವನ ಕೈ ನಡುಗುತ್ತಿತ್ತು. ಲೋಟ ಹಿಡಿಯಲು ಆಗುತ್ತಿರಲಿಲ್ಲ. ದೊಡ್ಡವ್ವ ರಾಗಿ ಗಂಜಿ ಮಾಡಿಕೊಂಡು ಹೋಗಿ, ಪಕ್ಕದಲ್ಲಿ ಕೂತು, ಚಮಚದಲ್ಲಿ ಕುಡಿಸುತ್ತಿದ್ದಳು.

ನಿಧಾನಕ್ಕೆ ಅವನು ಮನುಷ್ಯನಾದ. ಗಡ್ಡ ತೆಗೆಸಿದ. ಭವನ ಗುಡಿಸಿ, ನೀರು ಹಾಕಿ ತೊಳೆಯುತ್ತಿದ್ದ. ನನ್ನ ಮಷಿನ್ನಿನ ಮೋಟರು ಕೆಟ್ಟಾಗ ಬಿಚ್ಚಿ ಸರಿಮಾಡಿಕೊಟ್ಟ. "ಅಕ್ಕ, ಇದ್ಕೆ ವಸಿ ಎಣ್ಣೆ ಬುಡ್ತಾ ಇರು, ಇಲ್ದಿದ್ರೆ ಮುನಿಸ್ಕತದೆ" ಎಂದು ನಕ್ಕ. ಎಷ್ಟೋ ವರ್ಷದ ಮೇಲೆ ಅವನ ನಗುವನ್ನು ನೋಡಿದ್ದೆ. ಬೀದಿಗೆಲ್ಲ ಒಂದು ಬಗೆಯ ಸಂತೋಷ. ನಾವೇನೋ ಸಾಧಿಸಿದ್ದೆವು.

ಆ ಸಂತೋಷ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿರುತ್ತಿತ್ತು. ನಿಲ್ಲಲಿಲ್ಲ. ಬುದ್ಧ ಪೂರ್ಣಿಮೆ ಬಂತು. ಈ ಸಲ ಅವನನ್ನು ವೇದಿಕೆಗೆ ಕರೆದು ಸನ್ಮಾನ ಮಾಡಬೇಕೆಂದು ಕಾರ್ಯದರ್ಶಿ ಹೇಳಿದರು. ಬೇರೆ ಹುಡುಗರಿಗೆ ಬುದ್ಧಿ ಬರುತ್ತದೆ ಎಂದರು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಹಳೇ ಅಂಗಿಯಲ್ಲಿ ಸ್ಟೇಜು ಹತ್ತುವುದು ಬೇಡವೆಂದು ನಾನೇ ಬಿಳಿ ಅಂಗಿಯೊಂದನ್ನು ಹೊಲಿದುಕೊಟ್ಟೆ. ಅಳತೆ ತೆಗೆದುಕೊಳ್ಳುವಾಗ ಅವನು ಕೇಳಿದ, "ನಾನು ಮಾತಾಡ್ಲೇಬೇಕೇನಕ್ಕ?"

"ಎರಡು ಮಾತಾಡಿಬುಡಪ್ಪ, ಖುಷಿ ಪಡ್ತಾರೆ" ಎಂದೆ.

ಅವನು ಎರಡು ಮಾತಿಗೆ ನಿಲ್ಲಿಸಲಿಲ್ಲ. ಶಾಲು ಹೊದಿಸಿದರು, ಹಾರ ಹಾಕಿದರು, ಮೈಕ್ ಕೊಟ್ಟರು. ಅವನು ಮೊದಲು ತಡವರಿಸಿದ. ಆಮೇಲೆ ತಾನು ಹೇಗೆ ಕುಡಿಯುತ್ತಿದ್ದೆ, ಎಲ್ಲೆಲ್ಲಿ ಬಿದ್ದಿರುತ್ತಿದ್ದೆ, ಹೆಂಡತಿಯನ್ನು ಮಗಳ ಮುಂದೆ ಹೇಗೆ ಹೊಡೆದೆ ಎಂದೆಲ್ಲ ಹೇಳಿಕೊಂಡು ಅತ್ತ. ಜನ ಚಪ್ಪಾಳೆ ತಟ್ಟಿದರು. ಎಷ್ಟೋ ಜನ ಮೊಬೈಲು ಮೇಲಕ್ಕೆತ್ತಿ ವಿಡಿಯೋ ಮಾಡಿಕೊಂಡರು. ಸಂಜೆಯ ಹೊತ್ತಿಗೆ ಅದು ಎಲ್ಲ ಗ್ರೂಪುಗಳಿಗೂ ಹೋಗಿತ್ತು. ಆಮೇಲೆ ಟಿ. ನರಸೀಪುರದ ಕಡೆಯ ಎರಡು ಮೂರು ಭವನಗಳವರು ಅವನನ್ನು ಕರೆಸಿಕೊಂಡರು. ಅದೇ ಬಿಳಿ ಅಂಗಿ ಹಾಕಿಕೊಂಡು ಕಾರ್ಯದರ್ಶಿಗಳ ಬೈಕಿನಲ್ಲಿ ಹೋಗಿ ಅವನು ಅದೇ ಕತೆ ಹೇಳಿ ಬರುತ್ತಿದ್ದ. ಬಂದ ದಿನ ಉಣ್ಣದೆ ಮಲಗುತ್ತಿದ್ದ. ಸುಸ್ತಾಗಿರಬೇಕು ಎಂದುಕೊಂಡೆವು.

ಮಳೆಗಾಲ ಶುರುವಾದ ಮೇಲೆ ಒಂದು ಶನಿವಾರ ಎಲ್ಲಿಗೋ ಹೋದವನು ಭಾನುವಾರ ಬೆಳಿಗ್ಗೆ ಬಂದ. ಕುಡಿದಿದ್ದ. ನಿಲ್ಲಲೂ ಆಗುತ್ತಿರಲಿಲ್ಲ. ವಂದನೆಗೆ ಬೇರೆ ಊರಿನಿಂದಲೂ ನಾಲ್ಕು ಜನ ದೊಡ್ಡವರು ಬಂದಿದ್ದರು, ಅವನನ್ನೇ ನೋಡಬೇಕೆಂದು. ಅವನು ಅವರೆದುರಿಗೇ ಮೆಟ್ಟಿಲ ಮೇಲೆ ಕುಸಿದು ವಾಂತಿ ಮಾಡಿಕೊಂಡ.

ಕಾರ್ಯದರ್ಶಿಗಳ ಮುಖ ಬಿಳಿಚಿಕೊಂಡಿತು. "ನಮ್ಮ ಮರ್ಯಾದೆ ಮೂರು ಕಾಸಿಗೆ ಮಾರಿಬಿಟ್ಟ ಕಣ್ರೀ. ಊರೂರಿಗೆ ಕರ್ಕೊಂಡು ಓಡಾಡಿದ್ನಲ್ಲ, ನಾನಿನ್ನು ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದರು. ಹುಡುಗರು ಅವನ ಬ್ಯಾಗನ್ನು ಕೋಣೆಯಿಂದ ತಂದು ಬೀದಿಯಲ್ಲಿಟ್ಟರು. ದೊಡ್ಡವ್ವ ಕೋಲೂರಿಕೊಂಡು ಬಂದಳು.

"ಜ್ವರ ಬಂದೋನ್ಗೆ ವಾಸಿಯಾಗಿ ತಿರ್ಗ ಜ್ವರ ಬಂತು ಅಂತಿಟ್ಕಳಿ. ಅವ್ನ ಬ್ಯಾಗ್ ತಂದು ಬೀದಿಗ್ ಮಡಗೀರಾ?"

ಯಜಮಾನರು ನೆಲ ನೋಡುತ್ತ, "ಮಾತು ಕೊಟ್ಟಿದ್ನಲ್ಲವ್ವ. ಮಾತ್ಗೆ ತಪ್ಪಿದ ಮೇಲೆ ನಾವೇನು ಮಾಡವ?" ಎಂದರು. ನಾನು ಅಂಗಡಿ ಬಾಗಿಲಲ್ಲಿ ನಿಂತಿದ್ದೆ. ಕುಡಿತ ಬಿಟ್ಟು ತಿಂಗಳುಗಟ್ಟಲೆ ಇದ್ದವನು ಆ ಶನಿವಾರ ಎಲ್ಲಿಗೆ ಹೋಗಿದ್ದ, ಏನಾಯಿತು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಅವನು ಬ್ಯಾಗನ್ನು ಎದೆಗೆ ಅವುಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ. ಇನ್ನು ಮುಂದೆ ಭವನದಲ್ಲಿ ಯಾರನ್ನೂ ಇರಿಸಿಕೊಳ್ಳಕೂಡದು ಎಂದು ಸಂಘ ತೀರ್ಮಾನ ಮಾಡಿತು. ಕುರ್ಚಿಗಳು ಮತ್ತೆ ಕೋಣೆಗೆ ಬಂದವು.

ಒಂದು ವರ್ಷದ ಮೇಲಿರಬೇಕು. ನೆಂಟರ ಮನೆಯ ಗೃಹಪ್ರವೇಶಕ್ಕೆ ನಾನು ನರಸೀಪುರಕ್ಕೆ ಹೋಗಿದ್ದೆ. ವಾಪಸ್ಸು ಬರಲು ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ದಾರಿಯಲ್ಲಿ ಗುಜರಿ ಅಂಗಡಿಯೊಂದರ ಮುಂದೆ ರಟ್ಟಿನ ಡಬ್ಬಿಗಳನ್ನು ಮಡಚಿ ಕಟ್ಟುತ್ತಿದ್ದವನನ್ನು ಕಂಡೆ. ತೆಳ್ಳಗಾಗಿದ್ದ, ಕೂದಲು ನೆರೆತಿತ್ತು. ಅವನೇ ಮೊದಲು ಎದ್ದು ನಿಂತ.

"ಅಕ್ಕ, ಚೆನ್ನಾಗಿದ್ದೀಯಾ? ದೊಡ್ಡವ್ವ ಎಂಗವ್ಳೆ?"

ಅಂಗಡಿಯ ಒಳಗೆ ತಗಡಿನ ಶೀಟಿನ ಕೆಳಗೆ ಅವನ ಚಾಪೆ, ಬ್ಯಾಗು ಇದ್ದವು. ಅಂಗಡಿಯವರು ವಯಸ್ಸಾದ ಸಾಬರು. ನನಗೊಂದು ಸ್ಟೂಲ್ ಹಾಕಿಸಿ ಟೀ ತರಿಸಿದರು. ಇನ್ನೂ ಕುಡಿಯುತ್ತಾನಾ ಎಂದು ನಾನು ಮೆಲ್ಲಗೆ ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. "ಕುಡೀತಾನೆ ಕಣಮ್ಮ. ಕೆಲವು ವಾರ ಮುಟ್ಟೋದೇ ಇಲ್ಲ, ಆಮೇಲೆ ಒಂದಿನ ಬೀಳ್ತಾನೆ. ಕುಡಿದ ದಿನ ಕೆಲ್ಸ ಇಲ್ಲ ಅಂತ ಹೇಳಿದೀನಿ. ಮಲಗೋ ಜಾಗ ಮಾತ್ರ ಯಾವತ್ತೂ ಅವನದೇ" ಎಂದರು. ಮಾತ್ರೆ ತಂದುಕೊಳ್ಳಲು ಅವರೇ ಅವನನ್ನು ಆಸ್ಪತ್ರೆಗೆ ಕಳಿಸುತ್ತಿದ್ದರಂತೆ.

ಬಸ್ಸಿಗೆ ಬಿಡಲು ಅವನು ನನ್ನ ಜೊತೆ ಬಂದ. ಆ ಶನಿವಾರದ ವಿಷಯವನ್ನು ನಾನು ಆಗ ಕೇಳಿದೆ.

"ಎಡತಲೆಗೆ ಓಗಿದ್ದೆ ಕಣಕ್ಕ, ಎಂಡ್ತಿ ತವರ್ಗೆ" ಎಂದ. "ಇಸ್ಕೂಲು ಸುರುವಾಗಿತ್ತಲ್ಲ, ಮಗಳ್ಗೊಂದು ಬ್ಯಾಗ್ ತಕ್ಕಂಡು ಓದೆ. ಅವ್ಳು ಒರ್ಗಡೆ ಬರ್ಲಿಲ್ಲ. ನನ್ನ ವಿಡಿಯೋನ ಅವ್ಳ ಕ್ಲಾಸ್ನವ್ರೆಲ್ಲ ನೋಡವ್ರೆ. ನಿಮ್ಮಪ್ಪ ನಿಮ್ಮವ್ವುಂಗೆ ಎಂಗ್ ಒಡೀತಿದ್ದ ತೋರ್ಸು ಅಂತ ಆಡ್ಕಂಡು ನಗ್ತಿದ್ರಂತೆ. ಬಾಗ್ಲ ಒಳ್ಗಡೆಯಿಂದ್ಲೇ ಕೇಳುದ್ಲು, 'ನೀನು ಕುಡಿಯೋದು ಬುಟ್ಟೆ ಸರಿ, ಅದ್ನ ಮೈಕಲ್ಲಿ ಯಾಕಪ್ಪ ಏಳ್ದೆ?' ಅಂತ."

ನನ್ನ ಕೈಲಿದ್ದ ಚೀಲವನ್ನು ತಾನು ತೆಗೆದುಕೊಂಡ. ಆಮೇಲೆ, "ಅವ್ಳ್ ಕೇಳಿದ್ದು ಸರಿಯಾಗೇ ಅದೆ" ಎಂದ.

"ಇದನ್ನ ಅವತ್ತೇ ಹೇಳೋದಲ್ವೇನೋ?"

"ಏಳೋ ಸ್ಥಿತೀಲಿ ನಾನಿದ್ನಾ? ಕೇಳೋ ಸ್ಥಿತೀಲಿ ನೀವಿದ್ರಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಊರಿಗೆ ಬಾ, ನಾನು ಯಜಮಾನರ ಹತ್ತಿರ ಮಾತಾಡುತ್ತೇನೆ ಎಂದೆ. ಅವನು ತಲೆಯಾಡಿಸಿದ. "ಬ್ಯಾಡ. ಅಲ್ಲಿಗ್ ಬಂದ್ರೆ ನಾನು ಒಂದೋ ಶಾಲು ಒದ್ದಿರ್ಬೇಕು, ಇಲ್ಲ ಬೀದೀಲಿರ್ಬೇಕು. ಇಲ್ಲಾದ್ರೆ ಸುಮ್ನೆ ಇರ್ಬೋದು."

ನಂಜನಗೂಡಿಗೆ ಬರುವ ತನಕ ಬಸ್ಸಿನಲ್ಲಿ ನನಗೆ ಅದೇ ಯೋಚನೆ. ನಾವು ಅವನಿಗೆ ಕೆಟ್ಟದ್ದು ಮಾಡಬೇಕೆಂದು ಯಾವತ್ತೂ ಎಣಿಸಿರಲಿಲ್ಲ. ಆಸ್ಪತ್ರೆಗೆ ಸೇರಿಸಿದ್ದು ನಾವೇ, ಅನ್ನ ಇಟ್ಟಿದ್ದೂ ನಾವೇ. ಆದರೆ ಅವನು ವಾಸಿಯಾದದ್ದು ನಮ್ಮ ಬೀದಿಯ ಹೆಗ್ಗಳಿಕೆಯಾಗಿಬಿಟ್ಟಿತ್ತು. ಹಾಗಾಗಿ ಅವನು ಬಿದ್ದಾಗ ನಮಗೆ ಅವನ ನೋವು ಕಾಣಲಿಲ್ಲ, ನಮಗಾದ ಅವಮಾನ ಕಂಡಿತು. ಕುಡಿತ ಬಿಡುವವರು ನಡುವೆ ಜಾರುವುದು ಉಂಟು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರಂತೆ. ಅದನ್ನು ಬೀದಿಗೆ ಹೇಳುವ ಅಗತ್ಯವಿದೆ ಎಂದು ಕಾರ್ಯದರ್ಶಿಗಳಿಗೆ ಅನಿಸಿರಲಿಲ್ಲ.

ಆ ಸಂಗತಿಯನ್ನೆಲ್ಲ ನಾನು ದೊಡ್ಡವ್ವನಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ಆ ಮಗೀಗೆ ಎಷ್ಟು ನೋವಾಗಿರ್ಬೇಕು" ಎಂದಳು. ಮಗು ಎಂದದ್ದು ಅವನನ್ನೋ ಅವನ ಮಗಳನ್ನೋ ತಿಳಿಯಲಿಲ್ಲ. ನಾನೂ ಅವಳೂ ಸೇರಿ ಯಜಮಾನರ ಹತ್ತಿರ ಕೋಣೆಯ ಮಾತೆತ್ತಿದೆವು. ನೋಡೋಣ ಎಂದರು. ಸಂಘದ ಮುಂದೆ ವಿಷಯ ಬಂತು, ತೀರ್ಮಾನ ಆಗಿಹೋಗಿದೆಯಲ್ಲ ಎಂದು ಯಾರೋ ಅಂದರು, ಅಲ್ಲಿಗೆ ನಿಂತಿತು.

ಹೋದ ಚಳಿಗಾಲದಲ್ಲಿ ದೊಡ್ಡವ್ವ ತೀರಿಕೊಂಡಳು. ಸುದ್ದಿ ಮುಟ್ಟಿಸಿದೆ, ಅವನು ಬಂದ. ಕುಡಿದಿರಲಿಲ್ಲ. ಮಣ್ಣಿಗೆ ಒಯ್ಯುವಾಗ ಹೆಗಲು ಕೊಡಲು ಮುಂದೆ ಬಂದು, ಜನ ನೋಡುತ್ತಿರುವುದನ್ನು ಕಂಡು ಹಿಂದೆ ಸರಿದ. ಆಗ ಯಜಮಾನರೇ ಕೈಸನ್ನೆ ಮಾಡಿ ಕರೆದು, ಚಟ್ಟದ ಒಂದು ಕಡೆ ಜಾಗ ಬಿಡಿಸಿಕೊಟ್ಟರು. ಎಲ್ಲ ಮುಗಿದ ಮೇಲೆ ಅವನು ಒಬ್ಬನೇ ಕೆರೆಯ ಏರಿಯ ಮೇಲೆ ಕೂತಿದ್ದ.

"ಇವತ್ತು ಉಳ್ಕಳಪ್ಪ" ಎಂದರು ಯಜಮಾನರು ಹತ್ತಿರ ಹೋಗಿ.

"ಎಲ್ಲಿ, ಮಾವ?" ಎಂದ ಅವನು. ಚುಚ್ಚಬೇಕೆಂದು ಕೇಳಿದ್ದಲ್ಲ, ನಿಜವಾಗಿ ಕೇಳಿದ. ಯಜಮಾನರು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು. ನಮ್ಮನೆಗೆ ಬಾರೋ ಎಂದು ನಾನು ಕರೆದೆ. "ಇಲ್ಲಕ್ಕ, ಸಾಬ್ರು ಒಬ್ರೇ ಅವ್ರೆ, ಉಸಾರಿಲ್ಲ ಅವರ್ಗೆ. ನಾನೋಗ್ಬೇಕು" ಎಂದು ಎದ್ದ.

ಅವನು ಹೋದ ಮೇಲೆ ಯಜಮಾನರು ನನ್ನ ಅಂಗಡಿಗೆ ಬಂದು ಕೂತರು. ಅವನು ಆ ಶನಿವಾರ ಮಗಳನ್ನು ನೋಡಲು ಹೋಗಿದ್ದು ಅವರಿಗೆ ನನ್ನಿಂದಲೇ ತಿಳಿದಿತ್ತು. ಆದರೂ ಅವತ್ತು ಮತ್ತೆ ಕೇಳಿದರು, ಮೊದಲಿನಿಂದ. ನಾನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು.