ಎರಡು ಬೆರಳಗಲದ ಮೊರ

ಅವ್ವ ಹುಟ್ಟಿದ್ದು ಮಂಡಕಳ್ಳಿಯಿಂದ ಆಚೆಗಿನ ಒಂದು ಹಳ್ಳಿಯಲ್ಲಿ. ಅಲ್ಲಿ ದಸರೆಗೆ ಆಯುಧಪೂಜೆ ಇತ್ತೇ ಹೊರತು ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಯಾದವಗಿರಿಯ ಮನೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂತ ಗೊಂಬೆಗಳನ್ನು ನೋಡಿ ಅವಳಿಗೂ ಆಸೆ ಹುಟ್ಟಿತು. ಆದರೆ ಗೊಂಬೆ ಕೂರಿಸಲು ತವರಿನಿಂದ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ-ರಾಣಿ, ಬಂದಿರಬೇಕು. ಅವಳ ತವರಿನಿಂದ ಬಂದದ್ದು ಒಂದು ಹಿತ್ತಾಳೆ ಹಂಡೆ ಮತ್ತು ಒಂದು ಮೂಟೆ ರಾಗಿ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಾಗುತ್ತಿದ್ದರು. ಅವ್ವ ರಾಜ-ರಾಣಿಯ ಗೊಡವೆಯೇ ಬೇಡವೆಂದು ತನ್ನ ಹಳ್ಳಿಯ ಮನೆಯನ್ನೇ ಕೂರಿಸಲು ಹೊರಟಳು.

ವರ್ಷಕ್ಕೆ ಒಂದೇ ವಸ್ತು. ಅದು ಬೆರಳುದ್ದ ಮೀರಬಾರದು, ಮತ್ತು ಕೆಲಸ ಮಾಡಬೇಕು. ಇದು ಅವಳ ಕಾನೂನು. ಬಳಪದ ಕಲ್ಲಿನಲ್ಲಿ ಕೆತ್ತಿದ ಬೀಸೋಕಲ್ಲು ತಿರುಗುತ್ತಿತ್ತು, ನಾಲ್ಕು ಕಾಳು ರಾಗಿ ಹಾಕಿದರೆ ಹಿಟ್ಟಾಗುತ್ತಿತ್ತು. ತೆಂಗಿನ ನಾರನ್ನು ತೊಡೆಯ ಮೇಲೆ ಹೊಸೆದು ಮಾಡಿದ ಹಗ್ಗ ಹಿಡಿದು ಎಳೆದರೂ ಕಿತ್ತುಹೋಗುತ್ತಿರಲಿಲ್ಲ. ಹುಲ್ಲುಮೆದೆ, ನೊಗ, ಒನಕೆ, ಕುಕ್ಕೆ, ಹೀಗೆ ಒಂದೊಂದು ವರ್ಷಕ್ಕೆ ಒಂದೊಂದು ಬಂದು ಸೇರಿತು. ಅಪ್ಪ ಹೋದ ಮೇಲೆ ನಾವಿಬ್ಬರೂ ಗೋಕುಲಂ ಬಡಾವಣೆಗೆ ಬಂದೆವು. ಅಲ್ಲಿ ನಾನು ಯೋಗ ಕಲಿಯಲು ಬರುವ ವಿದೇಶಿಯರಿಗೆ ಚೀಲ, ಬಟ್ಟೆ ಹೊಲಿದುಕೊಡುತ್ತೇನೆ. ಅವರಲ್ಲೊಬ್ಬಳು ನೊಗವನ್ನು ಕೊಳ್ಳಲು ಕೇಳಿದಾಗ, ನೊಗ ಕೊಟ್ಟುಬಿಟ್ಟರೆ ನಮ್ಮೂರಲ್ಲಿ ಉಳುವುದು ಹೇಗೆ ಎಂದು ಅವ್ವ ನನ್ನ ಕೈಲಿ ಹೇಳಿಸಿದಳು. ಆ ವಿದೇಶಿ ಹೆಂಗಸಿಗೆ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಮೊರ ಮಾತ್ರ ಬಾಕಿ ಇತ್ತು. ಅದಕ್ಕೆ ಎಲ್ಲಕ್ಕಿಂತ ಸೂಕ್ಷ್ಮವಾದ ಕೈ ಬೇಕು ಎಂದು ಅವ್ವ ಮುಂದೂಡುತ್ತಲೇ ಬಂದಿದ್ದಳು. ಅಷ್ಟರಲ್ಲಿ ಬಲಗೈಗೆ ನಡುಕ ಬಂತು. ಡಾಕ್ಟರು ಮಾತ್ರೆ ಕೊಟ್ಟರು, ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ ಎಂದರು. ಅವ್ವ ಅದನ್ನು ಕೇಳಿಸಿಕೊಂಡು ಮನೆಗೆ ಬಂದವಳೇ, ಈ ಸಲ ಮೊರ, ಎಂದಳು.

ಊದುಬತ್ತಿಯ ಕಡ್ಡಿಗಳನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನಾನೇ ಕೊಟ್ಟೆ. ಹೆಣೆಯಲು ಮಾತ್ರ ಅವ್ವ ಮುಟ್ಟಗೊಡಲಿಲ್ಲ. ದಿನಾ ಬೆಳಿಗ್ಗೆ ಕಿಟಕಿ ಪಕ್ಕ ಕೂತು ಎರಡು ಎಳೆ ಹೆಣೆಯುವಳು, ಮೂರನೆಯದಕ್ಕೆ ಕೈ ಒದರಿ ಎಲ್ಲ ಸಡಿಲವಾಗುವುದು. ಮತ್ತೆ ಮೊದಲಿನಿಂದ. ಹೊಲಿಗೆ ಮಿಷನ್ನಿನ ಮುಂದೆ ಕೂತು ನಾನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ನನಗೆ ಮೊದಲೇ ತಾಳ್ಮೆ ಕಡಿಮೆ. ಸಹಾಯ ಮಾಡಲೂ ಆಗದೆ, ನೋಡಲೂ ಆಗದೆ ಅವಳ ಮೇಲೆಯೇ ಸಿಡುಕುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಮೊರ ಮುಗಿಯಿತು. ಎರಡು ಬೆರಳಗಲ. ಒಂದು ಮೂಲೆ ಮೇಲೆದ್ದಿತ್ತು, ಅಂಚು ಡೊಂಕು, ನಡುವೆ ಎಳೆಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಹಳ್ಳಿಯಲ್ಲಿ ಹೊಸ ಮೊರಕ್ಕೆ ಮಾಡುವ ಹಾಗೆ ಅವ್ವ ಮೆಂತ್ಯ ನೆನೆಸಿ ಅರೆದು, ಸಂದು ಮುಚ್ಚುವಂತೆ ಬೆರಳಿನಿಂದ ಸವರಿ ನೆರಳಿನಲ್ಲಿ ಒಣಗಿಸಿದಳು.

ಅದರ ಮಾರನೆಯ ಮಧ್ಯಾಹ್ನ ಅವಳು ಮಲಗಿದ್ದಾಗ ನಾನು ಮೊರವನ್ನು ಕೈಗೆತ್ತಿಕೊಂಡೆ. ಅರಿಶಿನ-ಕುಂಕುಮಕ್ಕೆ ಬರುವ ಹೆಂಗಸರು ಇದನ್ನು ನೋಡಿ ಅಯ್ಯೋ ಪಾಪ ಎನ್ನುತ್ತಾರೆ, ಅವ್ವನ ಮುಖ ಸಣ್ಣದಾಗುತ್ತದೆ, ಅದನ್ನು ನನ್ನಿಂದ ನೋಡಲಾಗುವುದಿಲ್ಲ ಎನ್ನಿಸಿತು. ನೀರಿನಲ್ಲಿ ನೆನೆಸಿ ಮೆಂತ್ಯ ತೊಳೆದೆ. ಎಳೆ ಎಳೆಯಾಗಿ ಬಿಚ್ಚಿದೆ. ಅದೇ ಕಡ್ಡಿಗಳನ್ನು ಇಟ್ಟುಕೊಂಡು ಹೊಸದಾಗಿ ಹೆಣೆದೆ. ಅವ್ವನ ಕಡ್ಡಿಯೇ ಅಲ್ಲವೇ, ಆದ್ದರಿಂದ ಅದು ಅವ್ವನದೇ ಮೊರ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಂಟೆಯೊಳಗೆ ಮುಗಿಯಿತು. ಅಷ್ಟು ಚೆನ್ನಾಗಿ ಬಂದದ್ದಕ್ಕೆ, ಸುಳ್ಳೇಕೆ ಹೇಳಲಿ, ಒಳಗೊಳಗೇ ಹೆಮ್ಮೆಪಟ್ಟೆ. ಮೆಂತ್ಯ ಸವರುವುದು ಮಾತ್ರ ನೆನಪಾಗಲಿಲ್ಲ.

ಗೊಂಬೆ ಜೋಡಿಸುವಾಗ ಮೊರವನ್ನು ನಾನೇ ಮೇಲಿನ ಮೆಟ್ಟಿಲಿನಲ್ಲಿ, ಅವಳ ಕೈಗೆ ಎಟುಕದ ಕಡೆ ಇಟ್ಟೆ. ಸಂಜೆ ಬಂದ ನೆರೆಮನೆಯವರು ಅದನ್ನೇ ಕೈಗೆ ತೆಗೆದುಕೊಂಡು ಮೆಚ್ಚಿದರು. ಈ ವಯಸ್ಸಿನಲ್ಲೂ ಅಜ್ಜಿಯ ಕೈ ಎಷ್ಟು ಸ್ಥಿರವಾಗಿದೆ ಎಂದು ಹೊಗಳಿ ಅವ್ವನ ಅಂಗೈಗೇ ಕೊಟ್ಟರು. ಅವ್ವ ಮೊರವನ್ನು ಮೂಗಿನ ಹತ್ತಿರ ಹಿಡಿದಳು. ಮೆಂತ್ಯದ ವಾಸನೆ ಇರಲಿಲ್ಲ. ನಡುಗುವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಬಂದವರಿಗೆ ಗೊಂಬೆ ಹಬ್ಬದ ಚರ್ಪು-ತಿಂಡಿ ಕೊಡಲು ನನಗೆ ಹೇಳಿದಳು. ಎಲ್ಲರೂ ಹೋಗುವವರೆಗೆ ನನ್ನ ಮುಖ ನೋಡಲಿಲ್ಲ.

ಆಮೇಲೆ ಕೇಳಿದಳು. "ನಂದೆಲ್ಲಿ ಮಗ?"

"ಅದನ್ನೇ ಬಿಚ್ಬುಟ್ಟು ಹೆಣೆದೆ ಕಣವ್ವ. ಸೊಟ್ಟ ಇತ್ತು."

ಅವಳಿಗೆ ಕೋಪ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಜಗಳವಾಡಿ, ಅತ್ತು, ಕ್ಷಮೆ ಕೇಳುತ್ತಿದ್ದೆ. ಅವಳು ಮೊರವನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ಸೊಟ್ಟ ಇದ್ರೆ ಇರ್ಲಿ ಅಂತ್ಲೇ ಇಟ್ಟಿದ್ದೆ. ಕೈಲಿ ಆಗ್ದಿದ್ದ ವರ್ಷಾನೂ ಒಂದು ವರ್ಷ ಅಲ್ವಾ ಮಗ?"

ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಮತ್ತೆ ಏನನ್ನೂ ಮಾಡಲೂ ಇಲ್ಲ. ಈ ಆಷಾಢದಲ್ಲಿ ಅವ್ವ ಹೋದಳು.

ವರ್ಷ ತುಂಬದ ಮನೆಯಲ್ಲಿ ಹಬ್ಬವಿಲ್ಲ. ಹಾಗಾಗಿ ಈ ದಸರೆಗೆ ಗೊಂಬೆ ಕೂರಿಸಲಿಲ್ಲ. ಆದರೂ ಪೆಟ್ಟಿಗೆ ತೆಗೆದು ಎಲ್ಲವನ್ನೂ ಹಾಸಿಗೆಯ ಮೇಲೆ ಸಾಲಾಗಿ ಇಟ್ಟು ನೋಡಿದೆ. ಬೀಸೋಕಲ್ಲಿನಿಂದ ಕುಕ್ಕೆಯವರೆಗೆ ಅವಳ ಒಂದೊಂದು ವರ್ಷವೂ ಇತ್ತು. ಕೊನೆಯದು ಮಾತ್ರ ನನ್ನದಾಗಿತ್ತು. ಅವಳು ಎಷ್ಟು ಕಷ್ಟಪಟ್ಟಿದ್ದಳು ಎನ್ನುವುದಕ್ಕೆ ಇದ್ದ ಒಂದೇ ಗುರುತನ್ನು ನಾನು ತೊಳೆದುಹಾಕಿದ್ದೆ.

ಮರುದಿನ ಅಂಗಡಿಗೆ ಹೋಗಿ ಊದುಬತ್ತಿ ತಂದು, ಕಡ್ಡಿ ಸೀಳಿ, ಅವಳು ಕೂರುತ್ತಿದ್ದ ಕಿಟಕಿಯ ಪಕ್ಕ ಕೂತೆ. ಮೂಲೆ ಎಲ್ಲಿ ಎದ್ದಿತ್ತು, ಎಳೆ ಎಲ್ಲಿ ಹತ್ತಿತ್ತು ಎನ್ನುವುದು ನನಗೆ ಚೆನ್ನಾಗಿ ನೆನಪಿದೆ. ಬೇಕೆಂದೇ ಡೊಂಕಾಗಿ ಹೆಣೆದೆ, ಅದು ನಾಟಕದಂತೆ ಕಂಡಿತು. ಎಡಗೈಯಲ್ಲಿ ಹೆಣೆದೆ, ಅದು ಕೆಲಸ ಬಾರದವಳ ಸೊಟ್ಟವಾಯಿತೇ ಹೊರತು ಅವ್ವನದಾಗಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಬಲಗೈಗೆ ತೆಗೆದುಕೊಂಡೆ. ಕಣ್ಣು ತುಂಬಿ ಎಳೆಗಳು ಕಾಣದಿದ್ದರೂ ಆ ಕೈ ಒಂದಿಷ್ಟೂ ನಡುಗಲಿಲ್ಲ.